ಮಗ ಸೆಲೆಕ್ಟ್ ಆಗ್ಲಿಲ್ಲ, ಮಂಡಿ ನೋವು ಬೇರೆ: ಫುಟ್‌ಬಾಲ್ ಬಿಡಿಸ್ಬಿಡೋದಾ?

ಪ್ರಶ್ನೆ: ಸರ್ ನಮಸ್ತೆ. ನನ್ನ ಮಗನಿಗೆ ಬರೋ ನವೆಂಬರ್‌ಗೆ 14 ತುಂಬುತ್ತೆ, ಈಗ ಒಂಬತ್ತನೇ ಕ್ಲಾಸಿಗೆ ಹೋಗ್ತಾನೆ. ಏಳು ವರ್ಷದವನಿದ್ದಾಗಿಂದ ಫುಟ್‌ಬಾಲ್ ಹುಚ್ಚು. ನಾವಿರೋದು ಕೆ.ಆರ್.ಪುರ ಹತ್ರ, ಇವರಪ್ಪ ಕ್ಯಾಬ್ ಓಡಿಸ್ತಾರೆ, ನಾನು ಮನೇಲೇ ಟೈಲರಿಂಗ್ ಮಾಡ್ತೀನಿ. ಅಕಾಡೆಮಿಗೆ ತಿಂಗಳಿಗೆ 3,500 ಕಟ್ತಿದೀವಿ. ಹೋದ ತಿಂಗಳು ಟ್ರಯಲ್ಸ್‌ನಲ್ಲಿ ಸೆಲೆಕ್ಟ್ ಆಗ್ಲಿಲ್ಲ, ಆಟ ಚೆನ್ನಾಗಿದೆ ಆದ್ರೆ ಸೈಜ್ ಸಾಲದು ಅಂದ್ರಂತೆ. ಆವತ್ತಿಂದ ಮಾತು ಕಮ್ಮಿ, ಬಾತ್‌ರೂಮಲ್ಲಿ ನಲ್ಲಿ ಜೋರಾಗಿ ಬಿಟ್ಕೊಂಡು ಅಳ್ತಾನೆ. ಮಂಡಿ ಕೆಳಗೆ ಗಂಟು ಥರ ಬಂದಿದೆ, ಕೇಳಿದ್ರೆ ಏನಿಲ್ಲ ಅಂತಾನೆ. ಮೊನ್ನೆ ನನ್ನ ಕತ್ರಿ ತಗೊಂಡು ಹೊಸ ಫುಟ್‌ಬಾಲ್ ಸಾಕ್ಸ್‌ನ ಪಾದದ ಭಾಗನೇ ಕತ್ತರಿಸಿ ಬಿಸಾಕಿದಾನೆ, ಎಲ್ರೂ ಹಿಂಗೇ ಮಾಡ್ತಾರಮ್ಮ ಅಂತಾನೆ, ಇಂಥ ಹುಚ್ಚಾಟ ಬೇರೆ. ಒಬ್ರು ನಾಲ್ಕು ಲಕ್ಷ ಕೊಟ್ರೆ ಸ್ಪೇನ್‌ನಲ್ಲಿ ಟ್ರಯಲ್ಸ್ ಕೊಡಿಸ್ತೀವಿ ಅಂತಿದಾರೆ. ನಮ್ಮ ಭಾವ ಸುಮ್ನೆ ಬಿಡಿಸಿ ಓದಿಸು ಅಂತಾರೆ. ಏನ್ ಮಾಡ್ಲಿ?

ಉತ್ತರ:

ಮೇಡಂ, ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲನೇ ಸಲ ಕಣ್ಣಿಗೆ ಬಿದ್ದಿದ್ದು ಟ್ರಯಲ್ಸು, ಮಂಡಿ, ಸ್ಪೇನು. ಎರಡನೇ ಸಲ ಬಿದ್ದಿದ್ದು ಆ ಕತ್ತರಿಸಿದ ಸಾಕ್ಸು. ನೀವು ಅದನ್ನ ಹುಚ್ಚಾಟ ಅಂದ್ರಿ, ನನಗ್ಯಾಕೋ ಹಂಗನ್ನಿಸ್ಲಿಲ್ಲ. ಅದಕ್ಕೆ ಆಮೇಲೆ ಬರ್ತೀನಿ.

ಬಿಡಿಸೋದಾ ಬೇಡ್ವಾ ಅಂತ ಕೇಳಿದೀರಲ್ಲ, ಬಿಡಿಸ್ಬೇಡಿ. ಆದ್ರೆ ಈಗ ಹೆಂಗ್ ನಡೀತಿದೆಯೋ ಹಂಗೇ ನಡೆಯೋಕೂ ಬಿಡ್ಬೇಡಿ. ನಾನು ಬೆಂಗಳೂರು ಲೀಗ್‌ನಲ್ಲಿ ಎ ಡಿವಿಷನ್ ತನಕ ಲೆಫ್ಟ್ ಬ್ಯಾಕ್ ಆಡಿದೋನು, ಆಮೇಲೆ ಇಪ್ಪತ್ತು ವರ್ಷದ ಮೇಲಾಯ್ತು ಮಕ್ಕಳಿಗೆ ಕೋಚಿಂಗ್ ಮಾಡ್ತಾ, ಇಷ್ಟು ವರ್ಷದಲ್ಲಿ ಆಟ ಬರದೇ ಬಿಟ್ಟೋದ ಹುಡುಗ್ರಿಗಿಂತ ಏನನ್ನೋ ಮುಚ್ಚಿಟ್ಕೊಂಡು ಮುಚ್ಚಿಟ್ಕೊಂಡು ಕೊನೆಗೆ ಸುಸ್ತಾಗಿ ಬಿಟ್ಟೋದ ಹುಡುಗ್ರನ್ನೇ ಜಾಸ್ತಿ ನೋಡಿದೀನಿ. ನೋವು ಮುಚ್ಚಿಡ್ತಾರೆ, ಹಸಿವು ಮುಚ್ಚಿಡ್ತಾರೆ, ಮನೇಲಿ ದುಡ್ಡಿಲ್ಲ ಅನ್ನೋದನ್ನ ಕೋಚ್ ಹತ್ರ ಮುಚ್ಚಿಡ್ತಾರೆ, ಕೋಚ್ ಬೈದಿದ್ದನ್ನ ಮನೇಲಿ ಮುಚ್ಚಿಡ್ತಾರೆ. ನಿಮ್ಮ ಮಗ ಈಗ ಆ ಹಂತದಲ್ಲಿದಾನೆ ಅಂತ ನನ್ನ ಅಂದಾಜು.

ಮೊದಲು ಮಂಡಿ, ಯಾಕಂದ್ರೆ ಅದು ಕಾಯಲ್ಲ. ಮಂಡಿ ಚಿಪ್ಪಿನ ಕೆಳಗೆ, ಮುಂಗಾಲಿನ ಮೂಳೆ ಶುರುವಾಗೋ ಜಾಗದಲ್ಲಿ ಗಂಟು, ಒತ್ತಿದ್ರೆ ಜೀವ ಹೋಗೋ ನೋವು, ಮೆಟ್ಟಿಲು ಹತ್ತಿದ್ರೆ, ಕುಕ್ಕರಗಾಲಲ್ಲಿ ಕೂತ್ರೆ, ಮಂಡಿಯೂರಿದ್ರೆ ಜಾಸ್ತಿ, ಹಿಂಗಿದ್ರೆ ಬಹುಮಟ್ಟಿಗೆ ಅದು ಆಸ್ಗುಡ್ ಶ್ಲಾಟರ್ ಅನ್ನೋದು. ಹೆಸರು ಕೇಳಿ ಗಾಬರಿ ಆಗ್ಬೇಡಿ, ದೊಡ್ಡ ರೋಗ ಏನಲ್ಲ. 10ರಿಂದ 15 ವರ್ಷದ ಒಳಗೆ ಓಡೋ ಜಿಗಿಯೋ ಮಕ್ಕಳಲ್ಲಿ ತುಂಬಾ ಕಾಮನ್. ಎತ್ತರ ಆಗೋ ವಯಸ್ಸಲ್ಲಿ ಮೂಳೆ ಬೇಗ ಬೆಳೆಯುತ್ತೆ, ತೊಡೆ ಮುಂಭಾಗದ ಸ್ನಾಯು ಅದರ ಸ್ಪೀಡಿಗೆ ಉದ್ದ ಆಗಲ್ಲ, ಪ್ರತಿ ಸಲ ಬಾಲ್ ಒದ್ದಾಗ್ಲೂ ಆ ಸ್ನಾಯು ಮಂಡಿ ಕೆಳಗಿನ ಎಳೇ ಮೂಳೇನ ಜಗ್ಗುತ್ತೆ, ಜಗ್ಗಿ ಜಗ್ಗಿ ಅಲ್ಲಿ ಊತ ಬಂದು ಗಂಟು ಕಟ್ಟುತ್ತೆ. ಬೆಳವಣಿಗೆ ನಿಂತ್ಮೇಲೆ ಬಹುಪಾಲು ಹುಡುಗ್ರಿಗೆ ನೋವು ತಾನಾಗೇ ಹೋಗುತ್ತೆ, ಗಂಟು ಮಾತ್ರ ಕೆಲವರಿಗೆ ಹಂಗೇ ಉಳ್ಕೊಳುತ್ತೆ, ನನ್ನ ಎಡಗಾಲಲ್ಲಿ ಇವತ್ತಿಗೂ ಇದೆ.

ಆದ್ರೆ ಇದನ್ನ ನಾನು ಹೇಳಿದೆ ಅಂತ ನಂಬ್ಕೊಂಡು ಕೂರ್ಬೇಡಿ, ಮೂಳೆ ಡಾಕ್ಟರ್ ಹತ್ರ ಒಂದ್ಸಲ ತೋರಿಸಿ. ಅದರಲ್ಲೂ ರಾತ್ರಿ ಮಲಗಿದಾಗ ನೋವು ಎಬ್ಬಿಸ್ತಿದ್ರೆ, ಮಂಡಿ ಪೂರ್ತಿ ಊದಿದ್ರೆ, ಮಡಚಿದ್ದು ಬಿಚ್ಚೋಕಾಗದೇ ಲಾಕ್ ಆಗ್ತಿದ್ರೆ, ಜ್ವರ ಬರ್ತಿದ್ರೆ ನಾಳೆನೇ ಹೋಗಿ. ಡಾಕ್ಟರ್ ಆಸ್ಗುಡ್ ಅಂತಲೇ ಅಂದ್ರೆ ಆಟ ಪೂರ್ತಿ ನಿಲ್ಲಿಸೋದು ಸಾಮಾನ್ಯವಾಗಿ ಬೇಕಾಗಲ್ಲ, ಲೋಡ್ ಕಮ್ಮಿ ಮಾಡ್ಬೇಕು. ವಾರಕ್ಕೆ ಆರು ದಿನ ಹೋಗೋನು ಮೂರು ದಿನ ಹೋಗ್ಲಿ, ಜಂಪಿಂಗು, ಕಾಂಕ್ರೀಟ್ ಮೇಲೆ ಓಡೋದು, ಸಾಯಂಕಾಲ ಗಲ್ಲಿಲಿ ಎಕ್ಸ್‌ಟ್ರಾ ಮ್ಯಾಚು ಬಂದ್. ಆಡಿ ಬಂದ್ಮೇಲೆ ಬಟ್ಟೇಲಿ ಸುತ್ತಿದ ಐಸು ಹತ್ತು ಹದಿನೈದು ನಿಮಿಷ. ತೊಡೆ ಸ್ಟ್ರೆಚಿಂಗ್ ಫಿಸಿಯೋ ಹತ್ರ ಒಂದ್ಸಲ ಕಲ್ತ್ಕೊಂಡು ದಿನಾ ಮನೇಲಿ ಮಾಡ್ಬೇಕು. ಗ್ರೌಂಡಿಗೆ ಹೋಗೋ ಮುಂಚೆ ಪೇನ್‌ಕಿಲ್ಲರ್ ನುಂಗಿ ಹೋಗೋ ಅಭ್ಯಾಸ ಮಾತ್ರ ಬೇಡವೇ ಬೇಡ, ಇದನ್ನ ದೊಡ್ಡ ಹುಡುಗ್ರು ಚಿಕ್ಕೋರಿಗೆ ಹೇಳ್ಕೊಡ್ತಾರೆ, ಒಂದ್ಸಲ ಅವನ ಬ್ಯಾಗ್ ನೋಡಿ.

ಏನಿಲ್ಲಮ್ಮ ಅಂತ ಅವನು ಯಾಕೆ ಅಂತಾನೆ ಗೊತ್ತಾ? ನೋವು ಅಂದ ದಿನ ಸೈಡ್‌ಲೈನಲ್ಲಿ ಕೂರಿಸ್ತಾರೆ, ಕೂತ ದಿನ ಇನ್ನೊಬ್ಬ ಆ ಜಾಗ ತಗೋತಾನೆ. 13 ವರ್ಷದ ತಲೆಗೆ ಇಷ್ಟು ಲೆಕ್ಕ ಪಕ್ಕಾ ಗೊತ್ತಿರುತ್ತೆ. ನನಗೂ ಗೊತ್ತಿತ್ತು. ನನಗೆ 19 ಇದ್ದಾಗ ಒಂದು ಕಂಪನಿ ಟೀಮ್ ಟ್ರಯಲ್ಸ್‌ಗೆ ಕರೀತು, ಸೆಲೆಕ್ಟ್ ಆದ್ರೆ ಕೆಲಸ, ಕ್ಯಾಂಟೀನ್ ಊಟ, ಪಿಎಫ್, ಎಲ್ಲಾ. ನಾಲ್ಕು ದಿನ ಮುಂಚೆ ಕಣಕಾಲು ಉಳುಕಿತ್ತು. ಅಮ್ಮನಿಗೂ ಹೇಳ್ಲಿಲ್ಲ. ಕ್ರೇಪ್ ಬ್ಯಾಂಡೇಜ್ ಬಿಗಿಯಾಗಿ ಸುತ್ತಿ, ಮೇಲೆ ಎರಡು ಸಾಕ್ಸ್ ಹಾಕಿ, ಊತ ಕಾಣ್ಬಾರ್ದು ಅಂತ ಇನ್ನೊಂದು ಕಾಲಿಗೂ ಬ್ಯಾಂಡೇಜ್ ಸುತ್ಕೊಂಡು ಹೋದೆ, ಎರಡೂ ಕಾಲು ಒಂದೇ ದಪ್ಪ ಕಾಣ್ಲಿ ಅಂತ. ಇಪ್ಪತ್ತು ನಿಮಿಷ ಚೆನ್ನಾಗೇ ಆಡಿದೆ. ಒಂದು ಟರ್ನ್ ತಗೊಂಡೆ ನೋಡಿ, ಪಟ್ ಅಂತ ಸದ್ದು ನನಗೇ ಕೇಳಿಸ್ತು. ಏಳು ತಿಂಗಳು ಹೋಯ್ತು ಸರಿಹೋಗೋಕೆ, ಅಷ್ಟ್ರಲ್ಲಿ ಆ ಕಂಪನಿ ಆಟಗಾರರನ್ನ ತಗೊಳೋದೇ ನಿಲ್ಲಿಸ್ತು. ಆವತ್ತು ಬೆಳಗ್ಗೆ ಆ ಕಾಲು ನೋಡಿ ಅಮ್ಮ ಬೈದಿದ್ರೆ ಚೆನ್ನಾಗಿತ್ತು ಅಂತ ಈಗ್ಲೂ ಅನ್ಸುತ್ತೆ.

ಈಗ ಸೈಜ್ ವಿಷಯ. ಇದನ್ನ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಇದರಲ್ಲಿ ನಿಮ್ಮ ಮಗನ ತಪ್ಪು ಒಂಚೂರೂ ಇಲ್ಲ ಅಂತ ಅವನಿಗೆ ಗೊತ್ತಾಗ್ಬೇಕು. ನಮ್ಮಲ್ಲಿ ವಯಸ್ಸಿನ ಗುಂಪು ಲೆಕ್ಕ ಹಾಕೋದು ಜನವರಿ 1ರಿಂದ. ನಿಮ್ಮ ಮಗ ನವೆಂಬರ್. ಅದೇ ವರ್ಷ ಜನವರಿಯಲ್ಲಿ ಹುಟ್ಟಿದ ಹುಡುಗ ಇವನಿಗಿಂತ ಹತ್ತು ತಿಂಗಳು ದೊಡ್ಡೋನು, ಆದ್ರೂ ಇಬ್ರೂ ಒಂದೇ ಗ್ರೂಪು. ದೊಡ್ಡೋರಲ್ಲಿ ಹತ್ತು ತಿಂಗಳು ಲೆಕ್ಕಕ್ಕಿಲ್ಲ, 13ರಲ್ಲಿ ಹತ್ತು ತಿಂಗಳು ಅಂದ್ರೆ ಭುಜ, ಧ್ವನಿ, ಓಟ ಎಲ್ಲಾ ಬೇರೆ. ಬಹಳಷ್ಟು ದೇಶಗಳ ಅಂಡರ್ ಏಜ್ ಟೀಮ್ ಪಟ್ಟಿ ನೋಡಿದ್ರೆ ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದೋರೇ ಜಾಸ್ತಿ, ಕೊನೇ ಮೂರು ತಿಂಗಳೋರು ಕಮ್ಮಿ. ನವೆಂಬರ್ ಹುಡುಗ್ರಿಗೆ ಪ್ರತಿಭೆ ಕಮ್ಮಿ ಅಂತ ಅಲ್ವಲ್ಲ! ಆಯ್ಕೆ ಮಾಡೋರಿಗೆ ಈ ಭಾನುವಾರದ ಮ್ಯಾಚ್ ಗೆಲ್ಲಬೇಕು, ಅದಕ್ಕೆ ಈಗಲೇ ದೊಡ್ಡೋನಾಗಿರೋನು ಬೇಕು, ಅಷ್ಟೇ ವಿಷಯ.

ಇದರ ಮೇಲೆ ದೇಹದ ಗಡಿಯಾರ ಬೇರೆ. ಹುಡುಗ್ರು ಸರ್ರಂತ ಎತ್ತರ ಆಗೋದು ಸರಾಸರಿ 13-14ರ ಆಸುಪಾಸು, ಆ ಟೈಮಲ್ಲಿ ವರ್ಷಕ್ಕೆ 8-10 ಸೆಂಟಿಮೀಟರ್ ಆದ್ರೂ ಆಶ್ಚರ್ಯ ಇಲ್ಲ. ಕೆಲವರಿಗೆ 12ಕ್ಕೇ ಶುರು, ಕೆಲವರಿಗೆ 15 ದಾಟಿದ್ಮೇಲೆ. ಹಿಂಗಾಗಿ ಒಂದೇ ಕ್ಲಾಸಿನ ಇಬ್ಬರು ಹುಡುಗ್ರ ಮೂಳೆ ವಯಸ್ಸಲ್ಲಿ, ಅಂದ್ರೆ ಮೂಳೆ ಎಷ್ಟು ಬಲಿತಿದೆ ಅನ್ನೋ ಲೆಕ್ಕದಲ್ಲಿ, ಮೂರ್ನಾಲ್ಕು ವರ್ಷ ವ್ಯತ್ಯಾಸ ಇರಬಹುದು. ಇಂಗ್ಲೆಂಡಿನ ಅಕಾಡೆಮಿಗಳಲ್ಲಿ ಆಗಾಗ ಮಕ್ಕಳನ್ನ ವಯಸ್ಸಿನ ಬದಲು ದೇಹದ ಬೆಳವಣಿಗೆ ನೋಡಿ ಗುಂಪು ಮಾಡಿ ಆಡಿಸ್ತಾರೆ, ನಮ್ಮಲ್ಲಿ ಇನ್ನೂ ಅದೆಲ್ಲ ದೂರದ ಮಾತು. ಇನ್ನು ನಮ್ಮೂರಿನ ಹಳೇ ಕಾಯಿಲೆ ಒಂದಿದೆಯಲ್ಲ, ಬರ್ತ್ ಸರ್ಟಿಫಿಕೇಟ್ ತಿದ್ದಿಸಿ ಮೀಸೆ ಬಂದೋರನ್ನ ಚಿಕ್ಕೋರ ಜೊತೆ ಇಳಿಸೋದು, ಅದಕ್ಕೇ ದೇಶದ ಫುಟ್‌ಬಾಲ್ ಫೆಡರೇಶನ್ ಎಐಎಫ್‌ಎಫ್‌ನೋರು ಎಡಗೈ ಮಣಿಕಟ್ಟಿನ ಎಕ್ಸ್-ರೇ ತೆಗೆಸಿ ಟಿಡಬ್ಲ್ಯೂ3 ಅನ್ನೋ ವಿಧಾನದಲ್ಲಿ ಮೂಳೆ ವಯಸ್ಸು ನೋಡೋದು. ಆದ್ರೆ ಎಲ್ಲಾ ಟೂರ್ನಮೆಂಟಲ್ಲೂ ಎಕ್ಸ್-ರೇ ತೆಗೆಸಲ್ಲ, ಅಲ್ಲಿ ನಿಮ್ಮ ಮಗನಂಥೋರು ಗಡ್ಡ ಶೇವ್ ಮಾಡ್ಕೊಂಡು ಬಂದೋರ ಎದುರು ಶೋಲ್ಡರ್ ಕೊಡ್ಬೇಕು.

ಈ ಹುಡುಗ್ರಿಗೆ ಒಂದೇ ಉಪಾಯ, ದೇಹ ಬರೋ ತನಕ ಆಟದಲ್ಲಿ ಉಳ್ಕೊಳೋದು. ಕೇಳೋಕೆ ಸಪ್ಪೆ, ಮಾಡೋಕೆ ಕಷ್ಟ. ದೊಡ್ಡೋರ ಜೊತೆ ಆಡಿ ಆಡಿ ಬಾಲ್ ಬರೋ ಮುಂಚೆನೇ ತಲೆ ಎತ್ತಿ ನೋಡೋದು, ಒಂದೇ ಟಚ್‌ನಲ್ಲಿ ಕೊಟ್ಟು ಜಾಗ ಬದಲಾಯಿಸೋದು ಇವೆಲ್ಲ ಬಲವಂತವಾಗಿ ಕಲೀತಾರೆ, ಆಮೇಲೆ 16-17ಕ್ಕೆ ಎತ್ತರ ಬಂದಾಗ ಎರಡೂ ಕೈ ಸೇರುತ್ತೆ. ಜೇಮೀ ವಾರ್ಡಿನ ಶೆಫೀಲ್ಡ್ ವೆನ್ಸ್‌ಡೇ ಕ್ಲಬ್ಬು 16ಕ್ಕೆ ಚಿಕ್ಕೋನು ಅಂತ ಕೈಬಿಟ್ಟಿತ್ತು, ಫ್ಯಾಕ್ಟರಿ ಕೆಲಸ ಮಾಡ್ಕೊಂಡು ಸಣ್ಣ ಲೀಗಲ್ಲಿ ಆಡ್ತಿದ್ದೋನು 2016ರಲ್ಲಿ ಲೆಸ್ಟರ್ ಜೊತೆ ಪ್ರೀಮಿಯರ್ ಲೀಗ್ ಗೆದ್ದ. ಇದನ್ನ ಹೇಳಿ ನಿಮ್ಮ ಮಗನೂ ವಾರ್ಡಿ ಆಗ್ತಾನೆ ಅಂತ ಆಸೆ ಹುಟ್ಟಿಸ್ತಿಲ್ಲ, ವಾರ್ಡಿ ಕತೆ ಎಲ್ರೂ ಹೇಳ್ತಾರೆ, ಹಂಗೇ ಕೈಬಿಟ್ಟ ಉಳಿದ ಹುಡುಗ್ರ ಹೆಸರು ಯಾರಿಗೂ ಗೊತ್ತಿಲ್ಲ. 13ರಲ್ಲಿ ಮಾಡಿದ ಸೆಲೆಕ್ಷನ್ ಕೊನೇ ತೀರ್ಪಲ್ಲ ಅಂತ ಹೇಳೋಕೆ ಈ ಉದಾಹರಣೆ, ಅಷ್ಟೇ.

ಮನೇಲಿ ಒಂದು ಕೆಲಸ ಮಾಡಿ. ನಿಮ್ಮ ಹತ್ರ ಟೇಪ್ ಇದ್ದೇ ಇರುತ್ತಲ್ಲ, ಮೂರು ತಿಂಗಳಿಗೊಂದ್ಸಲ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಲ್ಲಿಸಿ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೀರಿ. ಗೆರೆಗಳ ಮಧ್ಯೆ ಅಂತರ ಜಾಸ್ತಿ ಆಗೋಕೆ ಶುರುವಾಯ್ತು ಅಂದ್ರೆ ಸರ್ರಂತ ಎತ್ತರ ಆಗೋ ಆ ಟೈಮ್ ಬಂತು ಅಂತ. ಆಗ ಕೋಚ್‌ಗೂ ತಿಳಿಸಿ, ಯಾಕಂದ್ರೆ ಆ ತಿಂಗಳುಗಳಲ್ಲಿ ಕಾಲು ಅವನ ಮಾತೇ ಕೇಳಲ್ಲ, ನಿನ್ನೆ ತನಕ ಬರ್ತಿದ್ದ ಪಾಸ್ ಇವತ್ತು ಎಲ್ಲೋ ಹೋಗುತ್ತೆ, ಗೊತ್ತಿಲ್ಲದ ಕೋಚ್‌ಗಳು ಗಮನ ಇಲ್ಲ ಇವನಿಗೆ ಅಂತ ಬೈತಾರೆ.

ನಿಮ್ಮ ಕಷ್ಟ ಓದ್ದಾಗ ನೆನಪಾಗಿದ್ದು 2017ರ ಅಂಡರ್-17 ವರ್ಲ್ಡ್ ಕಪ್. ಅಕ್ಟೋಬರ್ 9, ದೆಹಲಿ, ಕೊಲಂಬಿಯಾ ಮೇಲೆ 82ನೇ ನಿಮಿಷಕ್ಕೆ ಜೀಕ್ಸನ್ ಸಿಂಗ್ ತಲೇಲಿ ಹೊಡೆದಿದ್ದು ಫೀಫಾ ವರ್ಲ್ಡ್ ಕಪ್‌ನಲ್ಲಿ ಭಾರತದ ಮೊಟ್ಟಮೊದಲ ಗೋಲು. ಮುಂದಿನ ನಿಮಿಷಕ್ಕೇ ಕೊಲಂಬಿಯಾ ಇನ್ನೊಂದು ಹೊಡೆದು 2-1 ಗೆಲ್ತು ಅನ್ನೋದು ಬೇರೆ ಮಾತು. ಮಣಿಪುರದ ಆ ಹುಡುಗನ ಅಪ್ಪನಿಗೆ ಪಾರ್ಶ್ವವಾಯು ಹೊಡೆದು ಪೊಲೀಸ್ ಕೆಲಸ ಬಿಡ್ಬೇಕಾಗಿತ್ತು, ಅಮ್ಮ ಇಂಫಾಲದ ಮಾರ್ಕೆಟ್‌ನಲ್ಲಿ ತರಕಾರಿ ಮಾರ್ತಿದ್ರು. ಆ ಟೀಮಿಗೆ ಮೊದಲನೇ ಸಲ ನೋಡಿದಾಗ ಅವನನ್ನ ಬೇಡ ಅಂದಿದ್ರು, ಕೋಚ್ ಬದಲಾದ್ಮೇಲೆ ಜಾಗ ಸಿಕ್ತು. ಆ ಗೋಲಿಗೆ ಕಾರ್ನರ್ ಹಾಕಿದ್ದು ಯಾರು ಹೇಳಿ, ನಮ್ಮ ಬೆಂಗಳೂರಿನ ಸಂಜೀವ್ ಸ್ಟಾಲಿನ್. ಅವನ ಅಮ್ಮ ಫುಟ್‌ಪಾತ್‌ನಲ್ಲಿ ಬಟ್ಟೆ ಮಾರಿ ಬೆಳೆಸಿದೋರು, ಹುಡುಗ ಚಿಕ್ಕ ವಯಸ್ಸಿಗೇ ಮನೆ ಬಿಟ್ಟು ಚಂಡೀಗಢದ ಅಕಾಡೆಮಿಗೆ ಹೋಗಿದ್ದ. ಟಿವಿಲಿ ನೋಡಿದೋರಿಗೆ ಕಂಡಿದ್ದು ಒಂದು ಕಾರ್ನರ್, ಒಂದು ಹೆಡರ್.

ದುಡ್ಡಿನ ವಿಷಯಕ್ಕೆ ನಿಮ್ಮ ಭಾವ ಹೇಳೋದನ್ನ ನಾನು ತಳ್ಳಿಹಾಕಲ್ಲ. ದೇಶದ ದೊಡ್ಡ ಲೀಗ್ ಐಎಸ್‌ಎಲ್‌ನಲ್ಲಿ 14 ಕ್ಲಬ್ಬು, ಒಂದೊಂದಕ್ಕೆ 25-30 ಆಟಗಾರರು ಅಂತಿಟ್ಕೊಂಡು ಫಾರಿನರ್ಸ್ ಕಳೆದ್ರೆ ಇಡೀ ದೇಶಕ್ಕೆ ಮುನ್ನೂರು ಚಿಲ್ಲರೆ ಜಾಗ. ಅದೂ ಗ್ಯಾರಂಟಿ ಇಲ್ಲ, 2025ರ ಜುಲೈನಲ್ಲಿ ಮುಂದಿನ ಸೀಸನ್ನೇ ತಡೆಹಿಡಿದೀವಿ ಅಂದ್ಬಿಟ್ರು, ದೊಡ್ಡ ದೊಡ್ಡ ಆಟಗಾರರೂ ತಿಂಗಳುಗಟ್ಟಲೆ ಆಟ ಯಾವಾಗ ಅಂತ ಗೊತ್ತಿಲ್ಲದೇ ಮನೇಲಿ ಕೂತ್ರು. ನಮ್ಮ ಕಾಲದಲ್ಲಿ ಬೆಂಗಳೂರಲ್ಲಿ ಫುಟ್‌ಬಾಲ್ ಅಂದ್ರೆ ಐಟಿಐ, ಎಚ್‌ಎಎಲ್ ಥರ ಫ್ಯಾಕ್ಟರಿ ಟೀಮುಗಳು. ಆಸ್ಟಿನ್ ಟೌನ್, ಗೌತಮಪುರದ ಹುಡುಗ ಇಂಡಿಯಾಗೆ ಆಡದಿದ್ರೂ ಆಟದಿಂದ ಒಂದು ಕೆಲಸ, ಒಂದು ಕ್ವಾರ್ಟರ್ಸ್ ಆಗ್ತಿತ್ತು, ಅದಕ್ಕೇ ಅಪ್ಪಂದಿರು ಗ್ರೌಂಡಿಗೆ ಕಳಿಸ್ತಿದ್ರು. ಆ ಆಸರೆ ಈಗ ಬಹುತೇಕ ಹೋಗಿದೆ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನ 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷ ಆದ್ಮೇಲೆ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಾಗ ನಾನೂ ಕೂಗಾಡಿದೆ, ಸ್ವೀಟ್ ಹಂಚಿದೆ, ಮಾರನೇ ದಿನ ಗ್ರೌಂಡಲ್ಲಿ ಒಬ್ಬ ಹುಡುಗ ಕೇಳ್ದ, ಸಾರ್ ಇವರಿಗೆಲ್ಲ ಈಗ ಕೆಲಸ ಕೊಡ್ತಾರಾ ಅಂತ. ಬಾಲ್ ಪಂಪ್ ಹೊಡೀತಿದ್ದೆ, ಹೊಡೀತಾನೇ ಇದ್ದೆ.

ಹಂಗಾಗಿ ಸ್ಕೂಲ್ ಬಿಡಿಸಿ ಓಪನ್ ಸ್ಕೂಲಿಂಗ್‌ಗೆ ಹಾಕಿ, ಫುಲ್‌ಟೈಮ್ ಆಡಿಸಿ ಅಂತ ಯಾರಾದ್ರೂ ಹೇಳಿದ್ರೆ ಈಗ್ಲೇ ಕೇಳ್ಬೇಡಿ. ಎಸ್‌ಎಸ್‌ಎಲ್‌ಸಿ ರೆಗ್ಯುಲರ್ ಆಗಿ ಮುಗೀಲಿ. ರೈಲ್ವೆ, ಆರ್ಮಿ, ಪೋಸ್ಟಲ್ ಕಡೆ ಸ್ಪೋರ್ಟ್ಸ್ ಕೋಟಾ ಇನ್ನೂ ಇದೆ, ಅಲ್ಲೂ ಮೊದಲು ಕೇಳೋದು ಮಾರ್ಕ್ಸ್ ಕಾರ್ಡೇ. ಟೂರ್ನಮೆಂಟ್ ಸರ್ಟಿಫಿಕೇಟ್ ಒಂದೂ ಬಿಡದೇ ಒಂದು ಫೈಲ್ ಮಾಡಿಡಿ. ಎಐಎಫ್‌ಎಫ್‌ನ ಸಿಆರ್‌ಎಸ್ ಅಂತ ಆನ್‌ಲೈನ್ ರಿಜಿಸ್ಟ್ರೇಶನ್ ಇದೆ, ಅದರಲ್ಲಿ ನಿಮ್ಮ ಮಗನ ಹೆಸರು ಆ ಅಕಾಡೆಮಿಯಿಂದ ನಿಜವಾಗ್ಲೂ ರಿಜಿಸ್ಟರ್ ಆಗಿದೆಯಾ ಅಂತ ನಾಳೆ ಕೇಳಿ, ಉತ್ತರ ತಡವರಿಸಿದ್ರೆ ತಿಂಗಳಿಗೆ 3,500 ಯಾವುದಕ್ಕೆ ಕೊಡ್ತಿದೀವಿ ಅಂತ ಯೋಚನೆ ಮಾಡ್ಬೇಕಾಗುತ್ತೆ. ಫೀಸ್ ಇಲ್ಲದ ದಾರಿಗಳೂ ಇವೆ, ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳಿಗೆ ಪ್ರತಿ ವರ್ಷ ಆಯ್ಕೆ ನಡೆಯುತ್ತೆ, ಜಮ್‌ಶೆಡ್‌ಪುರದ ಟಾಟಾ ಅಕಾಡೆಮಿ, ನವಿ ಮುಂಬೈನ ರಿಲಯನ್ಸ್ ಫೌಂಡೇಶನ್‌ನೋರು ಸೆಲೆಕ್ಟ್ ಆದೋರಿಗೆ ಊಟ ವಸತಿ ಓದು ತಾವೇ ನೋಡ್ಕೋತಾರೆ. ಕಾಂಪಿಟಿಷನ್ ಕಷ್ಟ, ಆದ್ರೆ ಟ್ರಯಲ್ಸ್‌ಗೆ ಹೋಗೋಕೆ ಲಕ್ಷ ಬೇಕಾಗಿಲ್ಲ.

ಸ್ಪೇನ್‌ಗೆ ಒಂದೇ ಮಾತು, ಒಂದು ರೂಪಾಯಿ ಕೊಡ್ಬೇಡಿ. ಫೀಫಾ ನಿಯಮದ ಪ್ರಕಾರ 18 ತುಂಬದ ಹುಡುಗನನ್ನ ಬೇರೆ ದೇಶದ ಕ್ಲಬ್ ರಿಜಿಸ್ಟರ್ ಮಾಡ್ಕೊಳೋ ಹಂಗಿಲ್ಲ, ಇರೋ ಕೆಲವೇ ವಿನಾಯಿತಿ ನಿಮಗೆ ಬರಲ್ಲ. ಅಲ್ಲಿ ಹೋಗಿ ಮೆಸ್ಸಿ ಥರ ಆಡಿದ್ರೂ ಸೈನ್ ಮಾಡೋಕಾಗಲ್ಲ. ಸ್ಟೇಡಿಯಂ ಮುಂದೆ ನಿಲ್ಸಿ ಫೋಟೋ ತೆಗೆದು, ಒಂದು ಸರ್ಟಿಫಿಕೇಟ್ ಕೊಟ್ಟು ವಾಪಸ್ ಕಳಿಸ್ತಾರೆ, ಅದನ್ನ ಟೂರ್ ಅಂತಾರೆ. ಸುನಿಲ್ ಛೆಟ್ರಿಗೇ 2009ರಲ್ಲಿ ಲಂಡನ್ನಿನ ಕ್ಯೂಪಿಆರ್ ಕ್ಲಬ್ ಒಪ್ಕೊಂಡ್ಮೇಲೂ ಇಂಡಿಯಾ ರ‍್ಯಾಂಕಿಂಗ್ ಕೆಳಗಿದೆ ಅಂತ ಬ್ರಿಟನ್ ವರ್ಕ್ ಪರ್ಮಿಟ್ ಸಿಗ್ಲಿಲ್ಲ, ಆಗ್ಲೇ ಅವರು ದೇಶಕ್ಕೆ ಆಡ್ತಿದ್ದೋರು.

ಊಟದ್ದು ನೀವು ಬರೆದಿಲ್ಲ, ಆದ್ರೂ ಕೇಳ್ತೀನಿ, ಬೆಳಗ್ಗೆ ಐದೂವರೆಗೆ ಏನ್ ತಿಂದು ಹೋಗ್ತಾನೆ? ಬಹಳಷ್ಟು ಮಕ್ಕಳು ಬರೀ ಹೊಟ್ಟೇಲಿ ಬಂದು ಎರಡು ಗಂಟೆ ಓಡಿ, ಅಲ್ಲಿಂದ ನೇರ ಸ್ಕೂಲಿಗೆ ಹೋಗಿ ಮಧ್ಯಾಹ್ನ ಡಬ್ಬಿ ಬಿಚ್ತಾರೆ. ಎರಡು ಬಾಳೆಹಣ್ಣು ಮುಂಚೆ, ಆಟ ಮುಗಿದ ತಕ್ಷಣ ಎರಡು ಮೊಟ್ಟೆ ಇಲ್ಲಾ ಒಂದು ಹಿಡಿ ಬೇಯಿಸಿದ ಕಡಲೆಕಾಯಿ, ರಾತ್ರಿ ಮುದ್ದೆ ಸೊಪ್ಪಿನ ಸಾರು, ಇಷ್ಟು ಸಾಕು. ಪೌಡರ್ ಡಬ್ಬಕ್ಕೆ ದುಡ್ಡು ಹಾಕ್ಬೇಡಿ.

ನಲ್ಲಿ ಬಿಟ್ಕೊಂಡು ಅಳೋದಕ್ಕೆ, ಅಳ್ಲಿ ಬಿಡಿ. ಬಾಗಿಲು ಬಡಿದು ಕೇಳ್ಬೇಡಿ. ಆದ್ರೆ ಅವರಪ್ಪನಿಗೆ ಹೇಳಿ, ಗ್ರೌಂಡಿಂದ ಕರ್ಕೊಂಡ್ ಬರುವಾಗ ಗಾಡೀಲಿ ಮ್ಯಾಚ್ ಬಗ್ಗೆ ಒಂದು ಪ್ರಶ್ನೆನೂ ಬೇಡ, ಯಾಕ್ ಮಿಸ್ ಮಾಡ್ದೆ ಅಂತಂತೂ ಬೇಡವೇ ಬೇಡ. ನಿನಗೋಸ್ಕರ ಎಷ್ಟು ಖರ್ಚು ಮಾಡ್ತಿದೀವಿ ಗೊತ್ತಾ ಅನ್ನೋ ಮಾತು ಕೋಪದಲ್ಲೂ ಬಾಯಿಗೆ ಬರ್ಬಾರ್ದು, ಅವನಿಗೆ ಅದು ನಿಮಗಿಂತ ಚೆನ್ನಾಗಿ ಗೊತ್ತು. ಹಂಗಂತ ಎರಡು ಮೂರು ವಾರ ಆದ್ರೂ ನಿದ್ದೆ ಊಟ ಬಿಟ್ಟು, ಫ್ರೆಂಡ್ಸ್ ಬಿಟ್ಟು ಒಬ್ಬನೇ ಕೂತ್ರೆ, ಬದುಕೇ ಬೇಡ ಅನ್ನೋ ಥರ ಮಾತಾಡಿದ್ರೆ ತಡ ಮಾಡ್ಬೇಡಿ, ಟೆಲಿ ಮಾನಸ್ ಅಂತ ಸರ್ಕಾರದ ಫ್ರೀ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡ್ತಾರೆ.

ಈಗ ಆ ಸಾಕ್ಸು. ಎಲ್ರೂ ಕತ್ತರಿಸ್ತಾರೆ ಅಂತ ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ, ದೊಡ್ಡ ಆಟಗಾರರು ಪಾದದ ಭಾಗ ಕತ್ತರಿಸಿ ಒಳಗೆ ಕಾಲು ಜಾರದ ಹಂಗೆ ಹಿಡಿಯೋ ಗ್ರಿಪ್ ಸಾಕ್ಸ್ ಅಂತ ಬೇರೇದು ಹಾಕ್ತಾರೆ. ನಿಮ್ಮ ಮಗನ ಹತ್ರ ಗ್ರಿಪ್ ಸಾಕ್ಸ್ ಇದೆಯಾ? ಇಲ್ಲ ಅಂದ್ರೆ ಅವನು ಸ್ಟೈಲಿಗೆ ಕತ್ತರಿಸಿದ್ದಲ್ಲ ಮೇಡಂ. ಸ್ಟಡ್ಸ್, ಅಂದ್ರೆ ಫುಟ್‌ಬಾಲ್ ಶೂ, ಚಿಕ್ಕದಾಗಿದೆ. ದಪ್ಪ ಸಾಕ್ಸ್ ಹಾಕಿದ್ರೆ ಕಾಲು ಒಳಗೆ ಹೋಗ್ತಿಲ್ಲ, ಹೊಸದು ಕೇಳಿದ್ರೆ ಎರಡು ಮೂರು ಸಾವಿರ, ಸೆಲೆಕ್ಟ್ ಆಗದೇ ಇರೋ ಮಗ ಯಾವ ಮುಖ ಇಟ್ಕೊಂಡು ಕೇಳ್ತಾನೆ. ನನ್ನ ಹತ್ರ ಬರೋ ಮಕ್ಕಳಲ್ಲಿ ಇಂಥದ್ದು ಎಷ್ಟು ನೋಡಿದೀನಿ, ಹೆಬ್ಬೆರಳಿನ ಉಗುರು ಕಪ್ಪಾಗಿರುತ್ತೆ, ಹಿಮ್ಮಡಿ ಸುಲಿದು ಅಂಟ್ಕೊಂಡಿರುತ್ತೆ, ಕೇಳಿದ್ರೆ ನಿಮ್ಮ ಮಗ ಹೇಳೋದನ್ನೇ ಹೇಳ್ತಾರೆ, ಏನಿಲ್ಲ ಸಾರ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮೋರು ಬಹುತೇಕ ಬರಿಗಾಲಲ್ಲೇ ಆಡಿದ್ರು, ಫ್ರಾನ್ಸ್ ಮೇಲೆ ಗೋಲ್ ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನೋರು, ಶೂ ಕೇಳಿದ ಹುಡುಗ್ರಿಗೆಲ್ಲ ನಮ್ಮ ಹಳೇ ಕೋಚ್‌ಗಳು ಈ ಕತೆ ಹೇಳಿ ಬಾಯಿ ಮುಚ್ಚಿಸೋರು. ಬರಿಗಾಲಾದ್ರೂ ಪರವಾಗಿಲ್ಲ, ಒಂದು ಸೈಜ್ ಚಿಕ್ಕ ಸ್ಟಡ್ಸ್ ಹಾಕಿ ಓಡೋ ಹುಡುಗ ಓಡೋ ರೀತಿನೇ ಬದಲಾಗುತ್ತೆ, ನೋವಿರೋ ಮಂಡಿಗೆ ಅದರಿಂದ ಇನ್ನಷ್ಟು ಕಷ್ಟ.

ಇವತ್ತು ರಾತ್ರಿ ಅವನು ಮಲಗಿದ್ಮೇಲೆ ಆ ಸ್ಟಡ್ಸ್ ತಗೊಂಡು ಒಳಗಿನ ಅಟ್ಟೆ ಹೊರಗೆ ಎಳೀರಿ, ಬೆರಳುಗಳ ಅಚ್ಚು ತುದಿ ದಾಟಿ ಒತ್ಕೊಂಡಿದೆಯಾ ನೋಡಿ. ಬೆಳಗ್ಗೆ ಹಾಕ್ಕೊಂಡು ನಿಂತಾಗ ಮುಂದಗಡೆ ಹೆಬ್ಬೆಟ್ಟಲ್ಲಿ ಒತ್ತಿ ನೋಡಿ, ಅರ್ಧ ಹೆಬ್ಬೆಟ್ಟಿನಷ್ಟಾದ್ರೂ ಜಾಗ ಇರಬೇಕು. ಇಲ್ಲ ಅಂದ್ರೆ ಏನೂ ಕೇಳ್ಬೇಡಿ, ಬೈಬೇಡಿ, ಭಾನುವಾರ ಅಂಗಡಿಗೆ ಕರ್ಕೊಂಡ್ ಹೋಗಿ ದಪ್ಪ ಸಾಕ್ಸ್ ಹಾಕ್ಸಿ ಅಳತೆ ನೋಡಿ ಕೊಡಿಸಿ. ಹೊಸದು ಕಷ್ಟ ಆದ್ರೆ ಅಕಾಡೆಮಿಲಿ ದೊಡ್ಡ ಹುಡುಗ್ರ ಅಮ್ಮಂದಿರನ್ನ ಕೇಳಿ, ಕಾಲು ಬೆಳೆದು ಬಿಟ್ಟ ಒಳ್ಳೇ ಜೋಡಿ ಎಲ್ರ ಮನೆ ಮಂಚದ ಕೆಳಗೂ ಒಂದಿರುತ್ತೆ. ಮಂಡಿ ತೋರಿಸೋಕೆ ಡಾಕ್ಟರ್ ಹತ್ರ ಹೋಗೋ ಮಾತು ಅಂಗಡಿಯಿಂದ ವಾಪಸ್ ಬರುವಾಗ ಎತ್ತಿ, ಆವಾಗ ಒಪ್ಕೋತಾನೆ.